ಸಂತಪುರಕ್ಕೆ ಹೋಗುವ ಹಾದಿ ಗಿಡ್ಡ

ಮೊನ್ನೆ ಬೀದರಿನ ನಮ್ಮ ಪಡಸಾಲೆಯಲ್ಲಿ ಅಣ್ಣನ ಮಗಳು ಸುಧಾ ಮೊಬೈಲು ಹಿಡಿದು ಕೂತಿದ್ದಳು. ಲಂಡನ್ನಿನಲ್ಲಿ ನರ್ಸ್ ಆಗಿರುವ ಹುಡುಗಿ, ರಜೆ ಮುಗಿದಿತ್ತು. "ನೋಡ್ರಿ ಕಾಕಾ, ದಿಲ್ಲಿಯಿಂದ ಲಂಡನ್ನಿಗೆ ಹೋಗಲಾಕ ಒಂದ್ ತಾಸು ಜಾಸ್ತಿ, ಬರಲಾಕ ಕಡಿಮಿ. ದೂರ ಮಾತ್ರ ಫರಕ್ ಇಲ್ಲ" ಎಂದಳು. ಎದುರುಗಾಳಿಯ ಕಾರಣವಂತೆ. ಗಾಳಿಯೋ ಮತ್ತೊಂದೋ, ಈ ಮಾತನ್ನು ನಾನು ಚಡ್ಡಿ ಹಾಕುವ ಕಾಲಕ್ಕೇ ಕೇಳಿದ್ದೆ. ಹೇಳಿದವಳು ನನ್ನ ಅಜ್ಜಿ. ವಿಮಾನವಿರಲಿ, ಅವಳು ರೈಲನ್ನೂ ಹತ್ತಿದವಳಲ್ಲ.

ಅಜ್ಜಿಯ ಗಂಡನ ಮನೆ ಭಾಲ್ಕಿ ಕಡೆಯ ಮೆಹಕರ, ತವರು ಔರಾದ್ ಕಡೆಯ ಸಂತಪುರ. ಸಂತಪುರಕ್ಕೆ ಹೋಗುವ ಹಾದಿ ಗಿಡ್ಡ, ಬರುವ ಹಾದಿ ಉದ್ದ ಎನ್ನುವುದು ಅವಳ ಖಚಿತ ಅಭಿಪ್ರಾಯ. ಆಗಷ್ಟೇ ಮೈಲುಗಳ ಲೆಕ್ಕ ಕಲಿತು ಮಹಾಪಂಡಿತನಾಗಿದ್ದ ನಾನು ಅಂಗಳದಲ್ಲಿ ಗೆರೆ ಎಳೆದು, ಎರಡೂ ಒಂದೇ ಎಂದು ತೋರಿಸಿದೆ. ಅಜ್ಜಿ ಗೆರೆಯ ಮೇಲೆ ಕಸಬರಿಗೆ ಆಡಿಸಿ, "ನಿಮ್ಮ ಮಾಸ್ತರಗ ತವರಮನಿ ಅದ ಏನು?" ಎಂದಳು.

ಈ ಸಿದ್ಧಾಂತ ಮೊದಲು ಅವಳ ಬಾಯಿಂದ ಹೊರಬಿದ್ದದ್ದು ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ. ದಿಲ್ಲಿಯ ಸೇನೆ ನುಗ್ಗಿ ಬಂದಿತ್ತು, ನಿಜಾಮರ ರಾಜ್ಯ ಇವತ್ತೋ ನಾಳೆಯೋ ಎನ್ನುವಂತಿತ್ತು. ಸಂತಪುರದ ಕಡೆ ಗಲಾಟೆಯಾಗಿದೆ ಎಂಬ ಸುದ್ದಿ ಬಂತು. ಅಲ್ಲಿ ಅವಳ ಅವ್ವ ಇದ್ದಾಳೋ ಇಲ್ಲವೋ ಹೇಳುವವರಿಲ್ಲ. ಊಟ ಬಿಟ್ಟ ಸೊಸೆಯನ್ನು ನೋಡಲಾರದೆ ಮಾವ ಗಾಡಿ ಹೂಡಿದ. ಭಾಲ್ಕಿ ದಾಟಿ ಅರ್ಧ ಹಾದಿಗೆ ಬಂದಿದ್ದಾರೆ, ನೆತ್ತಿಯ ಮೇಲೆ ವಿಮಾನ! ಮನುಷ್ಯರೇ ಕಂಡಿರದ ಪ್ರಾಣಿ, ಎತ್ತುಗಳ ಪಾಡೇನು? ಗಾಡಿಯನ್ನು ತೊಗರಿ ಹೊಲಕ್ಕೆ ನುಗ್ಗಿಸಿದವು.

"ತಿರುಗಿ ಹೋಗೂಣು ನಡಿ ಮಗಳ" ಎಂದ ಮಾವ. "ಅರ್ಧಕ್ಕ ಬಂದೇವಿ. ಹಿಂದ ಹೋದ್ರೂ ಅಷ್ಟೇ, ಮುಂದ ಹೋದ್ರೂ ಅಷ್ಟೇ."

ಅಲ್ಲಿಯವರೆಗೆ ಮಾವನೆದುರು ಸೆರಗು ಸರಿಸದ ಅಜ್ಜಿ ಮುಖ ಎತ್ತಿದಳು. "ಅಷ್ಟೇ ಹ್ಯಾಂಗ ಆಗ್ತದ್ರಿ? ಮೆಹಕರ ದೂರ ಅದರಿ, ಸಂತಪುರ ಸನೀಪ. ಅಂಜಿಕಿ ಬಂದ್ರ ಸನೀಪ ಇದ್ದಲ್ಲಿಗೆ ಹೋಗಬೇಕಲ್ರಿ!"

ಅಂಥ ಭಯದಲ್ಲೂ ಮಾವ ನಕ್ಕುಬಿಟ್ಟ. ಎತ್ತುಗಳನ್ನು ಸಂತಪುರದತ್ತ ತಿರುವಿದ. ಅವ್ವ ಕ್ಷೇಮವಾಗಿದ್ದಳು. "ಇಷ್ಟು ದೂರ ಯಾಕ ಬಂದಿ, ಹುಚ್ಚಿ" ಎಂದು ಬಾಗಿಲಲ್ಲೇ ಬೈದು, ಮಗಳನ್ನು ತಬ್ಬಿಕೊಂಡು ಅತ್ತಳಂತೆ.

ನಾನು ಇದನ್ನೆಲ್ಲ ಹೇಳಿದ್ದು ಕೇಳಿ ಸುಧಾ ಬಿದ್ದು ಬಿದ್ದು ನಕ್ಕಳು. "ಅಜ್ಜಿ ಖರೇನೇ ಹೇಳ್ಯಾಳ್ರಿ ಕಾಕಾ! ವಿಮಾನಕ್ಕೂ ತವರಮನಿ ಹಾದೀನೇ ಗಿಡ್ಡ."

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾನು ಗೆರೆ ಎಳೆದ ಮರುವರ್ಷ ಅವಳ ಅವ್ವ ತೀರಿಕೊಂಡಳು. ಮಣ್ಣಿಗೆ ಹೋಗಿಬಂದ ಅಜ್ಜಿ ಕಾಲು ತೊಳೆದು ಕಟ್ಟೆಯ ಮೇಲೆ ಕೂತಳು. ನೀರು ಕೊಡಲು ಹೋದ ನನ್ನನ್ನು ನೋಡಿ, "ನೀ ಅಂದದ್ದೇ ಖರೆ ಅದಪಾ. ಈಗ ಎರಡೂ ಹಾದಿ ಅಷ್ಟೇ ಆದವು" ಎಂದಳು. ವಾದ ಗೆದ್ದ ನನಗೆ ಅಳು ಬಂದಿತ್ತು.

ಇದನ್ನೂ ಹೇಳೋಣವೆಂದು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಸುಧಾಳ ತಾಯಿ, ನಮ್ಮ ವೈನಿ, ಮಗಳಿಗೆಂದು ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

"ಮುಂದ ಏನಾಯ್ತ್ರಿ ಕಾಕಾ?"

"ಏನಿಲ್ಲವ್ವ" ಎಂದೆ. "ಒಳಗ ನಿಮ್ಮವ್ವ ಒಬ್ಬಾಕೀನೇ ಇದ್ದಾಳ. ಹೋಗು."