ಒಲೆಗೂಡಿನ ನಳಿಕೆ

ನಡಿಗೆ, ಸ್ನಾನ, ಆಮೇಲೆ ಚಹಾ. ನನ್ನ ಬೆಳಗಿಗೊಂದು ಕ್ರಮವಿದೆ. ಅದನ್ನು ಮೀರಲು ನನಗೆ ನಾನೇ ಅನುಮತಿ ಕೊಡುವುದಿಲ್ಲ. ಆದರೆ ಇವತ್ತು ಪಕ್ಕದ ಮನೆಯಲ್ಲಿ ನಾಗರ ಪಂಚಮಿಗೆ ಜೋಳದ ಅರಳು ಹುರಿಯುತ್ತಿದ್ದರು. ಆ ವಾಸನೆಗೆ ಸ್ನಾನ ಮರೆತು ಕಿಟಕಿಯ ಬಳಿ ನಿಂತುಬಿಟ್ಟೆ. ನಿಮ್ಮನ್ನೂ ಹೀಗೆ ನಿಲ್ಲಿಸುವ ವಾಸನೆ ಒಂದಿರಬೇಕಲ್ಲ?

ಅಫಜಲಪುರದ ನಮ್ಮ ಅಡುಗೆಮನೆ ನೆನಪಾಯಿತು. ತೊಂಬತ್ತರ ದಶಕ. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನೌಕೆಯಲ್ಲಿರುವವರಿಗೆ ಎಷ್ಟು ನ್ಯೂಟ್ರಾನ್ ಕಿರಣ ತಾಗುತ್ತದೆ ಎಂದು ಅಳೆಯುವ ನಳಿಕೆಗಳನ್ನು ನಾನು ದೂರದೂರಿನ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಿದ್ದೆ. ನಳಿಕೆಯೊಳಗೆ ತಿಳಿಯಾದ ಅಂಟು, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು. ನ್ಯೂಟ್ರಾನ್ ಬಡಿದ ಹನಿ ಗುಳ್ಳೆಯಾಗಿ ಉಬ್ಬುತ್ತದೆ. ಆ ಗುಳ್ಳೆಗಳನ್ನು ಎಣಿಸಬೇಕು.

ಮಗಳು ಕಿರಣಗಳ ನಡುವೆ ದುಡಿಯುವುದು ಅವ್ವನಿಗೆ ಬೇಡವಾಗಿತ್ತು. ಪಂಚಮಿ ಹಬ್ಬಕ್ಕೆ ಬಂದ ನಾನು ವಾಪಸು ಹೋಗಕೂಡದೆಂದು ಹಟ ಹಿಡಿದಳು. ಅವಳ ಮಾತು ಮೀರಿ ಬಸ್ಸು ಹತ್ತುವ ಗಟ್ಟಿತನ ನನಗಿರಲಿಲ್ಲ. ಭಯ ಕಳೆಯಲೆಂದು ಒಂದು ನಳಿಕೆಯನ್ನೇ ತಂದಿದ್ದೆ.

“ನೋಡವ್ವಾ, ಇದು ನನ್ನ ಮೇಜಿನ ಮ್ಯಾಲ ಇದ್ದದ್ದು. ಒಂದರೆ ಗುಳ್ಳಿ ಅದ ಏನು?”

ಅವ್ವ ಅದನ್ನು ಜೋಪಾನವಾಗಿ ಒಲೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ ಇಟ್ಟು, ಕೆಳಗೆ ಅರಳು ಹುರಿಯಲು ಕೂತಳು. ಸ್ವಲ್ಪ ಹೊತ್ತಿಗೆ ಚೀರಿದಳು.

“ಯವ್ವಾ, ತುಂಬ ಗುಳ್ಳಿ ಆಗ್ಯಾವ! ನಮ್ಮ ಮನಿಗೇ ತಂದ್ಯಲ್ಲ ಬೇ ಆ ಕಿರಣಾನ!”

ಅರಳು ಒಯ್ಯಲು ಬಂದಿದ್ದ ನೆರೆಮನೆಯ ಹಮೀದಾ ಖಾಲಾ ನಳಿಕೆ ಮುಟ್ಟಿ ಕೈ ಜಾಡಿಸಿದರು. “ಅರೇ, ಸುಡಾಕತ್ತದ! ನಿನ್ನ ಒಲಿ ಮ್ಯಾಲ ಇಟ್ರ ನಾನೂ ಸಿಡಿತೀನಕ್ಕಾ!”

ನಾನು ನಕ್ಕೆ. ಕಾವು ಏರಿದರೆ ನ್ಯೂಟ್ರಾನ್ ಇಲ್ಲದೆಯೂ ಹನಿ ಉಬ್ಬುತ್ತದೆ, ಕಡಾಯಿಯ ಜೋಳದಂತೆ. ಅದಕ್ಕೇ ನಾವು ಕಾವನ್ನೂ ನೋಡಿಕೊಳ್ಳುತ್ತೇವೆ ಎಂದು ತಿಳಿಸಿದೆ. ಅವ್ವ ನಗಲಿಲ್ಲ.

“ಆ ಮುಗಿಲಾಗ ಸುತ್ತೋ ಮ್ಯಾಲಿನವರದ್ದು ಯಾರರೆ ತಪ್ಪು ಎಣಿಸಿದ್ರ?”

“ಕಡಿಮಿ ಎಣಿಸಿದ್ರ, ಕಿರಣ ಹೆಚ್ಚು ತಾಗಿದವರನ್ನ ಕೆಳಗ ಇಳಿಸಬೇಕಾದಾಗ ಇಳಿಸಂಗಿಲ್ಲವ್ವಾ.”

ಬಟ್ಟೆ ಸುತ್ತಿದ ಕೋಲಿನಿಂದ ಅವ್ವ ಬಹಳ ಹೊತ್ತು ಅರಳು ತಿರುವಿದಳು. “ಅವರಿಗೂ ಅವ್ವಂದಿರು ಇರ್ತಾರ. ಹೋಗು. ನೆಟ್ಟಗ ಎಣಸು.”

ಆಮೇಲೆ ಊರಿಗೆ ಹೋದಾಗಲೆಲ್ಲ ಬೀಗರನ್ನು ವಿಚಾರಿಸಿದಂತೆ ಮೊದಲು ಕೇಳುತ್ತಿದ್ದಳು: “ಮ್ಯಾಲಿನವರು ಆರಾಮ ಅದಾರೇನು?” ನನ್ನ ಆರೋಗ್ಯದ ಸರದಿ ಚಹಾ ಕುಡಿದ ಮೇಲೆ.

ಅವ್ವ ಈಗಿಲ್ಲ. ನಾನು ಎಣಿಸುವುದನ್ನು ಬಿಟ್ಟೂ ವರ್ಷಗಳಾದವು. ಇವತ್ತು ಸ್ನಾನಕ್ಕೆ ಮೊದಲೇ ಪಕ್ಕದ ಮನೆಗೆ ಹೋಗಿ ಒಂದು ಬೊಗಸೆ ಅರಳು ಕೇಳಿ ತಂದೆ. ಅಂಗಳದಲ್ಲಿ ನಿಂತು ತಿನ್ನುತ್ತಾ ತಲೆಯೆತ್ತಿದೆ. ಆಕಾಶದಲ್ಲಿ ಏನೂ ಕಾಣಲಿಲ್ಲ.

“ಆರಾಮ ಅದೀರೇನ್ರಿ?” ಎಂದು ಗಟ್ಟಿಯಾಗಿಯೇ ಕೇಳಿದೆ.