ಬಸವಲಿಂಗಮ್ಮನ ತೋಟವೂ ನನ್ನ ಕರಿಬೇವೂ

ಪಕ್ಕದ ಮನೆಯ ಬಸವಲಿಂಗಮ್ಮನ ಬಗ್ಗೆ ಕೋಣನಕುಂಟೆಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಒಳ್ಳೆಯವಳು ಎನ್ನುತ್ತಾರೆ. ನಾನೂ ಹಾಗೇ ಎನ್ನುತ್ತೇನೆ, ಎನ್ನುವಾಗ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತದೆ. ಮುಚ್ಚಿಟ್ಟು ಏನು ಬಂತು? ನನಗೆ ಅವಳ ಮೇಲೆ ಹೊಟ್ಟೆಕಿಚ್ಚು.

ಅವಳು ಮಾಗಡಿ ಕಡೆಯವಳು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಇಪ್ಪತ್ತಾರು ವರ್ಷ ಚೆಕ್ಕಿಂಗ್ ಮಾಡಿದವಳು. ಹೊಲಿದ ಅಂಗಿ ಕೈಗೆ ಬಂದರೆ ಬಿಟ್ಟುಹೋದ ಒಂದೇ ಒಂದು ಹೊಲಿಗೆಯನ್ನೂ ಕಂಡುಹಿಡಿದು, ಯಾವ ಮೆಷಿನ್ನಿನದು, ಯಾವ ತಾರೀಖಿನದು ಎಂದು ಚೀಟಿ ಬರೆದು ಕಟ್ಟುವ ಕೆಲಸ. ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಮನೆಗೆ ಬಂದವಳು ಮೊದಲು ಮಾಡಿದ್ದು ಮನೆಮುಂದಿನ ಟೈಲ್ಸ್ ಕೀಳಿಸಿದ್ದು. ಚಪ್ಪಲಿಗೆ ಮಣ್ಣು ಹತ್ತಬಾರದೆಂದು ನಾವೆಲ್ಲ ಟೈಲ್ಸ್ ಹಾಕಿಸಿಕೊಳ್ಳುತ್ತಿದ್ದರೆ ಇವಳು ದುಡ್ಡು ಕೊಟ್ಟು ಮಣ್ಣು ತರಿಸಿದಳು.

ಹತ್ತಡಿ ಅಗಲ, ಹದಿನೈದಡಿ ಉದ್ದದ ಜಾಗ. ಅದರಲ್ಲಿ ನಿಂಬೆ, ದಾಸವಾಳ, ತುಂಬೆ ನೆಟ್ಟಳು. ಸಾಲದ್ದಕ್ಕೆ ಬೀದಿಬದಿಯ ಎಕ್ಕದ ಗಿಡವನ್ನೂ ತಂದು ನೆಟ್ಟಳು. ಒಣಗಿದ ಎಲೆ ಗುಡಿಸಲಿಲ್ಲ, ಔಷಧಿ ಹೊಡೆಯಲಿಲ್ಲ, ಒಡೆದ ಮಡಕೆಯ ತಳದಲ್ಲಿ ಹಕ್ಕಿಗೆಂದು ನೀರಿಟ್ಟಳು.

"ಹಾವು ಬರ್ತವೆ ಕಣಮ್ಮ" ಎಂದೆ.

"ಬಂದ್ರೆ ಬರ್ಲಿ ಬಿಡಿ ಅಕ್ಕ, ಅದ್ರ ಪಾಡಿಗೆ ಅದು ಹೋಗುತ್ತೆ" ಎಂದಳು.

ಹಾವು ಬರಲಿಲ್ಲ. ಮೊದಲು ಸೂರಕ್ಕಿ ಬಂತು. ಆಮೇಲೆ ಒಂದು ಜೋಡಿ ಪಿಕಳಾರ ಬಂದು ದಾಸವಾಳದಲ್ಲಿ ಗೂಡು ಕಟ್ಟಿತು. ಚಿಟ್ಟೆಗಳಂತೂ ಕರಿಯವು, ಹಳದಿಯವು, ಬೇಕಾದಷ್ಟು ಬಂದವು. ಕೊನೆಗೆ ನಮ್ಮ ಯಜಮಾನರೂ ಅಲ್ಲಿಗೇ ಹೋದರು.

ನಮ್ಮ ಯಜಮಾನರು ತಿಮ್ಮರಾಯಪ್ಪನವರು. ಒಂದು ಕಾಲಕ್ಕೆ ಈ ಬೀದಿಯೇ ನಮ್ಮ ರಾಗಿ ಹೊಲ. ಬಸವಲಿಂಗಮ್ಮನ ಸೈಟೂ ಅದರಲ್ಲೇ ತುಂಡು ಮಾಡಿ ಮಾರಿದ್ದು. ಹೊಲ ಹೋದ ಮೇಲೆ ಅವರ ಮಾತೂ ಹೋಯಿತು. ಮೂರಂತಸ್ತಿನ ಮನೆ ಎದ್ದಿತು, ಬಾಡಿಗೆಯವರು ಬಂದರು, ಇವರು ಮಾತ್ರ ತುಟಿಪಿಟಿಕ್ಕೆನ್ನದೆ ಟಿವಿ ಮುಂದೆ ಕೂತರು. ಬೆಳಗಿನ ಕಾಫಿ ಒಂದನ್ನು ನನ್ನ ಜೊತೆ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದರು. ಮಾತಿಲ್ಲದಿದ್ದರೂ ಅದು ನನ್ನ ಕಾಫಿ ಹೊತ್ತು. ಅವಳ ತೋಟ ಬಂದ ಮೇಲೆ ಅದೂ ಹೋಯಿತು. ಏಳು ಗಂಟೆಗೆ ಎದ್ದು ಅವಳ ಗೇಟು ತೆಗೆದು ಒಳಗೆ ಹೋದರೆಂದರೆ ಕಾಫಿ ಆರಿ ಕೆನೆಗಟ್ಟಿದರೂ ಬರುತ್ತಿರಲಿಲ್ಲ. ಗೋಡೆಯಾಚೆಯಿಂದ ಅವರ ಮಾತು ಕೇಳಿಸುತ್ತಿತ್ತು, ನಗುವೂ ಕೇಳಿಸುತ್ತಿತ್ತು. ನಲವತ್ತೊಂದು ವರ್ಷ ಬೇಯಿಸಿ ಹಾಕಿದವಳು ನಾನು, ನಗು ಮಾತ್ರ ಅವಳ ಎಕ್ಕದ ಗಿಡಕ್ಕೆ.

ನನ್ನ ಮನೆಯಲ್ಲಿ ಮಣ್ಣೆಂದರೆ ಕಾಂಪೌಂಡಿನ ಮೂಲೆಯ ಕರಿಬೇವಿನ ಬುಡದ ಎರಡಡಿ. ಆ ಗಿಡಕ್ಕೆ ಹುಳದ ಕಾಟ. ಮೊದಲು ಹಕ್ಕಿ ಹಿಕ್ಕೆಯಂತಿದ್ದು, ನಾಲ್ಕು ದಿನಕ್ಕೆ ಹಸಿರಾಗಿ ಬೆರಳು ಗಾತ್ರಕ್ಕೆ ಬೆಳೆದು ಎಲೆಯನ್ನೆಲ್ಲ ಮೇಯುತ್ತವೆ. ನಾನು ಗಿಡದ ಹತ್ತಿರ ಹೋಗುವುದು ಸ್ನಾನ ಮಾಡಿ ಪಕ್ಕದ ಕುಂಡದಲ್ಲಿ ಪೂಜೆಗೆ ಹೂವು ಕೀಳುವಾಗ. ದೇವರಿಗೆ ಹೂವು ಏರಿಸುವ ಕೈಯಲ್ಲಿ ಜೀವ ತೆಗೆಯಬಾರದೆಂದು ನಮ್ಮತ್ತೆ ಕಟ್ಟು ಮಾಡಿದ್ದರು. ಅದಕ್ಕೆ ಹುಳಗಳನ್ನು ಎಲೆ ಸಮೇತ ಕಿತ್ತು ಗೋಡೆಯಾಚೆ ಎಸೆಯುತ್ತಿದ್ದೆ. ಅವಳ ತೋಟವನ್ನೂ ಒಂದಿಷ್ಟು ತಿಂದುಹಾಕಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ವರ್ಷ ಎಸೆದೆ. ಅವಳ ತೋಟಕ್ಕೆ ಏನೂ ಆಗಲಿಲ್ಲ, ಚಿಟ್ಟೆ ಮಾತ್ರ ಜಾಸ್ತಿಯಾದವು. ನಮ್ಮ ಮನೆಯತ್ತ ಬಂದರೂ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ನೋಡಿ ನೋಡಿ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ತಾಳ್ಮೆ ಕೆಟ್ಟಿತು. ಮೂರನೇ ಸಲ ಕಾಫಿ ಬಿಸಿ ಮಾಡಿದವಳು ಒಲೆ ಆರಿಸಿ ನೇರ ಅವಳ ಗೇಟು ತಳ್ಳಿದೆ. ನಾಲ್ಕು ಜನ ಕೇಳುವಂತೆ ಅಂದುಬಿಡಬೇಕೆಂದೇ ಹೋಗಿದ್ದೆ. ನೋಡಿದರೆ ಯಜಮಾನರು ನಮ್ಮ ಗೋಡೆಯ ಬುಡದಲ್ಲಿ ಮಂಡಿಯೂರಿ, ಕನ್ನಡಕ ಹಾಕಿಕೊಂಡು, ನಾನು ಆಗಷ್ಟೇ ಎಸೆದ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದರು.

"ಏನ್ರೀ ಇದು?" ಎಂದೆ.

ಬಸವಲಿಂಗಮ್ಮನೇ ಹೇಳಿದಳು. "ನಿಮ್ಮನೆ ಹುಳನೇ ಅಕ್ಕ. ದಿನಾ ಕಳಿಸ್ತೀರಲ್ಲ, ಅಣ್ಣ ಬಂದು ಆರಿಸ್ತಾರೆ. ನನ್ನ ನಿಂಬೆ ಗಿಡದ ಮೇಲೆ ಬಿಡ್ತೀವಿ, ಗೂಡು ಕಟ್ಟೋ ಟೈಮಿಗೆ ಡಬ್ಬಿಗೆ ಹಾಕ್ತೀವಿ. ಈ ಕರಿ ಚಿಟ್ಟೆ ಎಲ್ಲಾ ನಿಮ್ಮವೇ."

ಜಗಲಿಯ ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದ ಡಬ್ಬಿಗಳು ಸಾಲಾಗಿದ್ದವು. ಹದಿನಾಲ್ಕು. ಒಂದೊಂದಕ್ಕೂ ಗಾರ್ಮೆಂಟ್ಸಿನ ಥರ ದಾರದಲ್ಲಿ ಚೀಟಿ. ಒಂದನ್ನು ಹಿಡಿದು ಓದಿದೆ. 'ಮುನಿಲಕ್ಷ್ಮಮ್ಮ. ಕರಿಬೇವು. ಸೋಮವಾರ.' ಅಕ್ಷರ ಯಜಮಾನರದು. ಮದುವೆಯಾದಂದಿನಿಂದ 'ಲೇ' ಎನ್ನುವುದು ಬಿಟ್ಟರೆ ನನ್ನ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ಹದಿನಾಲ್ಕು ಚೀಟಿಯಲ್ಲೂ ದುಂಡಗೆ ನನ್ನ ಹೆಸರೇ ಬರೆದಿದ್ದರು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ನೀನು ಎಸೆಯೋದು ನಿಲ್ಸ್‌ಬಿಡ್ತಿದ್ದೆ" ಎಂದರು.

ಸರಿಯಾಗೇ ಹೇಳಿದರು. ನಿಲ್ಲಿಸಿಬಿಟ್ಟೆ.

ಅದಾಗಿ ಹತ್ತು ದಿನವಾಯಿತು. ಕರಿಬೇವು ಬೋಳಾಗುತ್ತಾ ಬಂದಿದೆ, ಮನೆಯಲ್ಲಿ ಗಿಡ ಇಟ್ಟುಕೊಂಡು ತರಕಾರಿ ಗಾಡಿಯವನ ಹತ್ತಿರ ಎರಡು ಎಸಳು ಕೇಳುತ್ತಿದ್ದೇನೆ. ಯಜಮಾನರು ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆಯೇ ಇರುತ್ತಾರೆ. ಇವತ್ತು ಒಗ್ಗರಣೆ ಸಿಡಿಯುವಾಗ "ಲೇ, ಬಾರೇ ಇಲ್ಲಿ, ಒಂದು ಗೂಡು ಕಟ್ತಾ ಇದೆ" ಎಂದು ಕರೆದರು. ಒಗ್ಗರಣೆ ಸೀದರೆ ಸೀಯಲಿ ಎಂದು ಬಿಟ್ಟು ಹೋದೆ.

ಇಬ್ಬರೂ ಬಗ್ಗಿ ನೋಡುತ್ತಿದ್ದಾಗ ಗೋಡೆಯ ಮೇಲೆ ಬಸವಲಿಂಗಮ್ಮನ ತಲೆ ಕಾಣಿಸಿತು.

"ಯಾಕಕ್ಕ, ಈಗ ಹುಳಾನೇ ಬರ್ತಿಲ್ಲ? ಗಿಡದಲ್ಲಿ ಇಲ್ವಾ?"

ಗಿಡದಲ್ಲಿ ಹನ್ನೊಂದಿದ್ದವು. ಬೆಳಿಗ್ಗೆ ನಾನೇ ಎಣಿಸಿದ್ದೆ.

"ಒಂದೂ ಇಲ್ಲ ಕಣಮ್ಮ" ಎಂದೆ, ಸೆರಗಿನಿಂದ ಗಿಡವನ್ನು ಮರೆಮಾಡಿ.