ಭಾವನವರ ಬರೋ ಭಾನುವಾರ

ನಮ್ಮ ಭಾವನವರ ಹಳೇ ರೇಸ್ ಬೈಕು ಹನ್ನೊಂದು ವರ್ಷದಿಂದ "ಬರೋ ಭಾನುವಾರ" ಸ್ಟಾರ್ಟ್ ಆಗಲಿದೆ. ಅದರ ಪೆಟ್ರೋಲ್ ಟ್ಯಾಂಕು ಸೋಫಾದ ಮೇಲೆ ಕೂತಿರುತ್ತದೆ, ಬಂದವರು ನೆಲದ ಮೇಲೆ. ಕಾರ್ಬುರೇಟರ್ ಹಾಲಿನ ಪಾತ್ರೆಯಲ್ಲಿ ಕುದಿಯುತ್ತದೆ. ನಟ್ಟುಗಳು ಸಕ್ಕರೆ ಡಬ್ಬಿಯಲ್ಲಿರುವುದರಿಂದ ಆ ಮನೆಯ ಕಾಫಿಯನ್ನು ನಾವೆಲ್ಲ ಚಮಚ ಆಡಿಸಿ ನೋಡಿಯೇ ಕುಡಿಯುತ್ತೇವೆ. ಯಾರಾದರೂ ಜೋರಾಗಿ ಮಾತಾಡಿದರೆ ಭಾವ, "ಶ್! ಪೇಂಟ್ ಒಣಗ್ತಿದೆ" ಎಂದು ಗದರುತ್ತಾರೆ. ಅಕ್ಕ ಅವರನ್ನು ಬೈಯುತ್ತಲೇ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕೇಳುವ ಮೊದಲೇ ಹತ್ತನೇ ನಂಬರ್ ಸ್ಪ್ಯಾನರ್ ಕೈಗಿಡುತ್ತಾಳೆ. ಕಳೆದ ತಿಂಗಳು ಬೈಕು ನಿಜಕ್ಕೂ ಸ್ಟಾರ್ಟ್ ಆಗಿಬಿಟ್ಟಿತು. ಮರುವಾರ, ಖಾಲಿಯಾದ ಸೋಫಾದ ಎರಡು ತುದಿಯಲ್ಲಿ ಇಬ್ಬರೂ ಕೂತು ಗೋಡೆ ನೋಡಿದರು. ಕೊನೆಗೆ ಅಕ್ಕನೇ ಎದ್ದು ಸ್ಪ್ಯಾನರ್ ತಂದಳು: "ಸದ್ದು ಯಾಕೋ ಸರಿ ಇಲ್ಲ ಕಣ್ರೀ, ಪೂರ್ತಿ ಬಿಚ್ಚಿಬಿಡಿ."